ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ) ಬಂದವರಿಗೆ ಬುದ್ಧಿ ಹೋಗುತ್ತದೆಯೇ? ಒಂದು ಸ್ಪಷ್ಟನೆ

"ಮಲ್ಟಿಪಲ್ ಸ್ಕ್ಲೆರೋಸಿಸ್ ಬಂದವರು ಕೊನೆಗೆ ಮನೆಯವರನ್ನೂ ಗುರುತಿಸಂಗಿಲ್ಲ" ಅನ್ನೋ ಮೆಸೇಜು ನಮ್ಮ ಬಾಗಲಕೋಟೆಯ ಗ್ರೂಪುಗಳಲ್ಲಿ ಓಡಾಡುತ್ತಿದೆ. "ಇದು ಖರೇನ?" ಅಂತ ಕೇಳಿ ನಾನೂ ಒಂದು ಗ್ರೂಪಿಗೆ ಹಾಕಿದ್ದೆ. ನನ್ನ ಪ್ರಶ್ನೆ ಉದುರಿಹೋಗಿ ಮೆಸೇಜಷ್ಟೇ ಮುಂದೆ ಹೋಯಿತು. ಅದು ತಪ್ಪು ಮಾಹಿತಿ.

ಈ ಕಾಯಿಲೆಯಲ್ಲಿ ಮಿದುಳು, ಬೆನ್ನುಹುರಿಯ ನರತಂತುಗಳ ಮೇಲಿನ ಮಯಲಿನ್ ಹೊದಿಕೆ ಹಾಳಾಗಿ ಸಂದೇಶ ಸಾಗುವುದು ನಿಧಾನವಾಗುತ್ತದೆ. ಹಾಗಾಗಿ ಸುಮಾರು ಅರ್ಧದಷ್ಟು ಜನರಿಗೆ ಯೋಚನೆಯ ವೇಗ, ಗಮನ, ನೆನಪಿನ ತೊಂದರೆ ಬರುವುದು ನಿಜ. ಆದರೆ ಹೆಚ್ಚಿನವರಲ್ಲಿ ಅದು ತೀವ್ರವಾಗಿರುವುದಿಲ್ಲ. ಮನೆಯವರನ್ನೇ ಮರೆಯುವಷ್ಟು ಆಗುವುದು ಅಪರೂಪ.

ನಮ್ಮ ಅಕ್ಕನಿಗೆ ಎಂಎಸ್ ಇದೆ. ಸಂತ್ಯಾಗ ಚಿಲ್ಲರೆ ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪುತ್ತದೆ. ಸುಮ್ಮನೆ ಬಿಟ್ಟರೆ ಪೈಸೆಗೆ ಪೈಸೆ ಸರಿ. ಬಿಸಿಲಿಗೆ ಇನ್ನಷ್ಟು ಕಷ್ಟ, ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ರಿ! ದಣಿವು, ಖಿನ್ನತೆ, ನಿದ್ದೆಗೇಡೂ ಇದನ್ನು ಹೆಚ್ಚಿಸುತ್ತವೆ; ಅವಕ್ಕೆ ಚಿಕಿತ್ಸೆ ಇದೆ. ಚಿಹ್ನೆಗೆ ಅಂಕಿ ಹೊಂದಿಸುವ 90 ಸೆಕೆಂಡಿನ ಪರೀಕ್ಷೆಯಿಂದ ಯೋಚನೆಯ ವೇಗ ಅಳೆಯುತ್ತಾರೆ.

ದಯವಿಟ್ಟು ಆ ಮೆಸೇಜು ಮುಂದೆ ಕಳಿಸಬ್ಯಾಡ್ರಿ. ಅಕ್ಕನ ಫೋನಿಗೇ ಮೂರು ಸಲ ಬಂದದ.