ಎಕ್ಸ್‌ರೇಗೂ ಮೊದಲೇ ಆಗುವ ರಾಜಿ

ಕುಮಟಾದಿಂದ ಬಂದ ಸುದ್ದಿ: ಪರಿಚಯದ ಹುಡುಗನ ಬೈಕಿಗೆ ಹೆದ್ದಾರಿಯಲ್ಲಿ ಕಾರು ಬಡಿದು, ಅಲ್ಲೇ ನಾಲ್ಕು ಜನ ಸೇರಿ 15 ಸಾವಿರಕ್ಕೆ ಮುಗಿಸಿದ್ದಾರೆ. "ನಮ್ಮ ಬದಿಯವನೇ ಮಾರಾಯ, ಕೇಸು ಎಂತಕ್ಕೆ?" ಮೂರನೇ ದಿನವೂ ಬಾವು ಇಳಿಯದೆ ಎಕ್ಸ್‌ರೇ ತೆಗೆಸಿದರೆ ಮೊಣಕಾಲ ಕೆಳಗೆ ಮೂಳೆ ಮುರಿದಿತ್ತು. ಕಾರಿನವನು ಈಗ ಫೋನ್ ಎತ್ತುತ್ತಿಲ್ಲ.

ಇಂಗ್ಲೆಂಡಿನಲ್ಲಿ ಕೂತು ಇದನ್ನು ಕೇಳಿದರೆ ಮೈ ಉರಿಯುತ್ತದೆ. ಇಲ್ಲಿ 2021ರ ಮೇ 31ರಿಂದ, ಕಾರಿನಲ್ಲಿದ್ದವರ ಕತ್ತು ಉಳುಕಿದ ಕೇಸುಗಳಲ್ಲಿ ವೈದ್ಯರ ವರದಿ ಬರುವ ಮುನ್ನ ವಿಮೆ ಕಂಪನಿ ರಾಜಿಯ ಮಾತೆತ್ತುವಂತಿಲ್ಲ. ಸುಳ್ಳು ಕ್ಲೇಮು ತಡೆಯಲು ತಂದ ನಿಯಮ, ನಿಜಕ್ಕೂ ಪೆಟ್ಟಾದವನಿಗೂ ಕಾವಲಾಗಿದೆ. ದಾವೆ ಹೂಡಲು 3 ವರ್ಷ ಸಮಯವಿದೆ. ನಮ್ಮಲ್ಲಿ 2022ರ ಏಪ್ರಿಲ್‌ನಿಂದ ಮೋಟಾರು ವಾಹನ ಕಾಯ್ದೆಯಲ್ಲಿ ಬರೆದಿರುವುದು 6 ತಿಂಗಳು. ಅದರಲ್ಲಿ ಅರ್ಧ ಕಾಲ "ನೋಡ್ವ, ಕೊಡ್ತ್ನಂತೆ" ಎನ್ನುವುದರಲ್ಲೇ ಹೋಗುತ್ತದೆ.

ಕೇಸು ಕೆಡುವುದು ಕೋರ್ಟಿನಲ್ಲಲ್ಲ, ಆಸ್ಪತ್ರೆಯ ಮೊದಲ ಚೀಟಿಯಲ್ಲಿ. ಪೊಲೀಸ್ ತಂಟೆ ಬೇಡವೆಂದು ಜೊತೆಗೆ ಹೋದವರು "ಬೈಕಿಂದ ಬಿದ್ದ" ಎಂದು ಬರೆಸುತ್ತಾರೆ. ಆಮೇಲೆ ವಿಮೆ ಕಂಪನಿಯ ವಕೀಲರು ಹಿಡಿಯುವುದು ಆ ಒಂದು ಸಾಲನ್ನೇ. ಎಫ್‌ಐಆರ್ ಹತ್ತು ದಿನ ತಡವಾದರೆ, ವಿಮೆ ಇರುವ ಬೇರೆ ಗಾಡಿಯನ್ನು ತಂದು ಸೇರಿಸಿದ್ದಾರೆ ಎನ್ನುತ್ತಾರೆ. ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇನ್ನೊಂದು ತಾಪತ್ರಯ: ದೊಡ್ಡ ಪೆಟ್ಟಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾಕ್ಕೆ ಓಡಬೇಕು. ಅಲ್ಲಿಯ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣವೆಂದು ಆಸ್ಪತ್ರೆ ಮಾಡುವ ದಾಖಲೆ) ಮಾಹಿತಿ ಅಪಘಾತವಾದ ಊರಿನ ಠಾಣೆಗೆ ತಾನಾಗಿ ತಲುಪೀತೆಂದು ಕೂರಬಾರದು. ಎಂಎಲ್‌ಸಿ ನಂಬರು ಬರೆದುಕೊಂಡು, ಮನೆಯವರೊಬ್ಬರು ಠಾಣೆಗೆ ಹೋಗಿ ದೂರು ಕೊಡಬೇಕು. ಗಾಯದ ಪ್ರಮಾಣಪತ್ರ, ಸ್ಥಳ ಮಹಜರು, ಮೋಟಾರು ವಾಹನ ನಿರೀಕ್ಷಕರ ವರದಿ, ಎದುರಿನ ಗಾಡಿಯ ಪಾಲಿಸಿ, ಡಿಸ್ಚಾರ್ಜ್ ಸಮ್ಮರಿ, ಬಿಲ್ಲುಗಳು ಬೇಕು. ಕಾರವಾರವೇ ಆಗಬೇಕೆಂದಿಲ್ಲ, ಗಾಯಾಳು ವಾಸಿಸುವ ಊರಿನ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೂ ಅರ್ಜಿ ಹಾಕಬಹುದು.

15 ಸಾವಿರ ಎಷ್ಟು ಅಗ್ಗವೆಂದು ಲೆಕ್ಕ ಹಾಕಿ. 28ರ ಹುಡುಗ, ತಿಂಗಳಿಗೆ 15 ಸಾವಿರ ದುಡಿಮೆ. ಕಾಲಿನ ಊನ ಶೇ 30 ಎಂದು ವೈದ್ಯರು ಹೇಳಿದರೆ ಇಡೀ ದೇಹಕ್ಕೆ ಸಾಮಾನ್ಯವಾಗಿ ಅದರ ಮೂರನೇ ಒಂದು, ಶೇ 10 ಹಿಡಿಯುತ್ತಾರೆ. ವರ್ಷದ 1.80 ಲಕ್ಷವನ್ನು ಆ ವಯಸ್ಸಿಗೆ ಕೋರ್ಟುಗಳು ಬಳಸುವ ಗುಣಕ 17ರಿಂದ ಗುಣಿಸಿ, ಅದರ ಶೇ 10 ಹಿಡಿದರೆ 3.06 ಲಕ್ಷ. ಆಸ್ಪತ್ರೆ ಖರ್ಚು, ನೋವು, ತಪ್ಪಿದ ಕೂಲಿ ಇದರ ಮೇಲೆ. ಅದೇ ಹುಡುಗ ಶಿರಸಿ ಕಡೆಯ ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವನಾಗಿದ್ದರೆ? ಮರ ಹತ್ತುವ ಕಾಲೇ ಹೋದ ಮೇಲೆ ಅವನಿಗೆ ಶೇ 10 ಯಾವ ಲೆಕ್ಕ! ಊನದ ಶೇಕಡಾವಾರಲ್ಲ, ದುಡಿಮೆ ಎಷ್ಟು ಹೋಯಿತು ಎಂಬುದನ್ನೇ ನೋಡಬೇಕೆಂದು 2010ರಲ್ಲಿ ಸುಪ್ರೀಂ ಕೋರ್ಟ್ ರಾಜ್‌ಕುಮಾರ್ ಪ್ರಕರಣದಲ್ಲಿ ಹೇಳಿದೆ. ಆದರೆ ಅವನ ಕಸುಬು ಅರ್ಜಿಯಲ್ಲಿ ಬರಬೇಕು, ತೋಟದ ಯಜಮಾನರು ಸಾಕ್ಷಿ ಹೇಳಬೇಕು. ಬರೀ "ಕೂಲಿ" ಎಂದು ಬರೆದರೆ ಮುಗಿಯಿತು.

ಇಂಗ್ಲೆಂಡನ್ನು ಇಷ್ಟು ಹೊಗಳಿದ ಮೇಲೆ ಒಂದನ್ನು ಒಪ್ಪಲೇಬೇಕು. ಇಲ್ಲಿ ಎದುರಿನವನ ತಪ್ಪು ಸಾಬೀತಾಗದಿದ್ದರೆ ಬಿಡಿಗಾಸೂ ಇಲ್ಲ, ಗೆದ್ದರೂ ವಕೀಲರು ಪರಿಹಾರದಲ್ಲಿ ಪಾಲು ಕೀಳುತ್ತಾರೆ. ನಮ್ಮ ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಲ್ಲಿ ಯಾರ ತಪ್ಪೆಂದು ಕೇಳದೆ ತೀವ್ರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ ಇದೆ. ಮೂಳೆ ಮುರಿತ ತೀವ್ರ ಗಾಯವೇ. ಆದರೆ ಆ ಹಣ ಒಪ್ಪಿಕೊಂಡರೆ 166ನೇ ಕಲಮಿನಡಿ ತಪ್ಪು ತೋರಿಸಿ ಪೂರ್ಣ ಪರಿಹಾರ ಕೇಳುವ ದೊಡ್ಡ ಅರ್ಜಿ ಅಲ್ಲಿಗೇ ಬಿದ್ದುಹೋಗುತ್ತದೆ, ಕೊನೆಗೌಡನಂಥವರು ಸಹಿ ಹಾಕುವ ಮೊದಲು ಆ 17ರ ಲೆಕ್ಕ ಮಾಡಿಸಿಕೊಳ್ಳಬೇಕು.