ಎರಡೂ ಬದಿ ಜೆರಾಕ್ಸ್, ಸಹಿ ಸಮೇತ

ಹೋದ ತಿಂಗಳು ನಮ್ಮೂರ ಕಲ್ಯಾಣ ಮಂಟಪದಲ್ಲಿ ಸಣ್ಣ ವ್ಯಾಪಾರಿಗಳಿಗೆಂದು ಸೈಬರ್ ಜಾಗೃತಿ ಕಾರ್ಯಕ್ರಮ ನಡೆಯಿತು. ನನ್ನದೂ ಒಂದು ಪುಟ್ಟ ಸ್ಟೇಷನರಿ ಅಂಗಡಿ. ಜಾಗೃತನಾಗೋಣವೆಂದು ಷಟರ್ ಎಳೆದು ಹೋದೆ.

ಬಾಗಿಲಲ್ಲೇ ಒಂದು ಮೇಜು, ಅದರ ಮೇಲೆ ದಾರ ಕಟ್ಟಿದ ಪೆನ್ನು, ಉದ್ದನೆಯ ರಿಜಿಸ್ಟರ್. ಹೆಸರು, ಅಂಗಡಿ, ಮೊಬೈಲ್ ನಂಬರ್, ಆಧಾರ್ ನಂಬರ್, ಸಹಿ. ನನಗಿಂತ ಮುಂಚೆ ಬಂದ ಮೂವತ್ತೆಂಟು ಜನರ ಜಾತಕ ಆಗಲೇ ಅಲ್ಲಿ ಬಿದ್ದುಕೊಂಡಿತ್ತು. ನನ್ನ ಹಿಂದಿನವರು ಕನ್ನಡಕ ಏರಿಸಿಕೊಂಡು ಅದನ್ನು ಪೇಪರ್ ಓದಿದ ಹಾಗೆ ಓದುತ್ತಿದ್ದರು. ಮೇಜಿನ ಹಿಂದಿದ್ದ ಹುಡುಗ ಕೈ ಚಾಚಿದ: "ಆಧಾರ್ ಜೆರಾಕ್ಸ್ ಕೊಡಿ ಸಾರ್. ಅದಿಲ್ದೆ ಊಟದ ಟೋಕನ್ ಕೊಡೋ ಹಾಗಿಲ್ಲ."

ಒಳಗಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ಎದುರಿನ ಜೆರಾಕ್ಸ್ ಅಂಗಡಿಗೆ ಓಡಿದೆ.

ಆ ಅಂಗಡಿಯನ್ನು ನೀವೂ ನೋಡಿದ್ದೀರಿ. ಎಲ್ಲ ಊರಲ್ಲೂ ತಾಲ್ಲೂಕು ಕಚೇರಿಯ ಎದುರು ಅದೇ ಅಂಗಡಿ ಇರುತ್ತದೆ. 'ಈ ನಂಬರಿಗೆ ವಾಟ್ಸಾಪ್ ಮಾಡಿ' ಎಂಬ ಹಾಳೆ ಗೋಡೆ ಮೇಲೆ. ಕಂಪ್ಯೂಟರಿನ ಮುಖ ರಸ್ತೆಗೆ. ಅದರಲ್ಲಿ ಹಗಲೂ ರಾತ್ರಿ ತೆರೆದೇ ಇರುವ ವಾಟ್ಸಾಪ್. ಯಾರದೋ ಪಹಣಿ, ಯಾರದೋ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಯಾರದೋ ಪಾಸ್‌ಬುಕ್ಕಿನ ಮೊದಲ ಪುಟ. ಮಾನಿಟರಿನ ಅಂಚಿಗೆ ಸೆಲ್ಲೋಟೇಪಿನಲ್ಲಿ ಅಂಟಿಸಿದ ಪಾಸ್‌ವರ್ಡ್: ಅಂಗಡಿಯ ಹೆಸರು, ಪಕ್ಕದಲ್ಲಿ ಒಂದು ಎರಡು ಮೂರು. ಕಾಲ ಬಳಿಯ ರಟ್ಟಿನ ಡಬ್ಬದಲ್ಲಿ ಕೆಟ್ಟ ಪ್ರಿಂಟುಗಳು. ಅರ್ಧ ಮುಖ ಬಂದವರು, ಮುಖವೇ ಕಪ್ಪಾಗಿ ನಂಬರ್ ಮಾತ್ರ ಫಳಫಳ ಬಂದವರು. ನಾನೂ ವಾಟ್ಸಾಪ್ ಮಾಡಿದೆ, ಐದು ರೂಪಾಯಿ ಕೊಟ್ಟೆ, ಟೋಕನ್ ಪಡೆದು ಕೂತೆ.

ಸಂಪನ್ಮೂಲ ವ್ಯಕ್ತಿಗಳು ಮೈಕು ತಟ್ಟಿ ಹೇಳಿದ ಮೊದಲ ಮಾತು: "ಯಾವ ಕಾರಣಕ್ಕೂ ಆಧಾರ್ ಜೆರಾಕ್ಸನ್ನು ಸಿಕ್ಕಸಿಕ್ಕವರಿಗೆ ಕೊಡಬೇಡಿ." ಜೋರು ಚಪ್ಪಾಳೆ. ಜೇಬಿನಲ್ಲಿದ್ದ ಟೋಕನ್ ಮುಟ್ಟಿ ನೋಡಿಕೊಂಡು ನಾನೂ ತಟ್ಟಿದೆ.

ಈ ಉಪದೇಶಕ್ಕೆ ಒಂದು ಪೂರ್ವಕಥೆ ಇದೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಪ್ರಕಟಣೆ ಹೊರಡಿಸಿತ್ತು: ಆಧಾರ್ ಪ್ರತಿ ಕೊಡಬೇಡಿ, ದುರ್ಬಳಕೆ ಆದೀತು; ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ 'ಮಾಸ್ಕ್' ಆಧಾರ್ ಕೊಡಿ. ಹತ್ತು ವರ್ಷದಿಂದ ಲಾಡ್ಜು, ಸಿಮ್ ಅಂಗಡಿ ಎನ್ನದೆ ಪ್ರಸಾದದ ಹಾಗೆ ಹಂಚಿಕೊಂಡು ಬಂದಿದ್ದ ದೇಶ ಹೌಹಾರಿತು. ಮೇ 29ಕ್ಕೆ ಕೇಂದ್ರ ಸರ್ಕಾರ 'ತಪ್ಪು ಅರ್ಥ ಬರಬಹುದು' ಎಂದು ಪ್ರಕಟಣೆಯನ್ನೇ ವಾಪಸ್ ಪಡೆಯಿತು. ಎಂದಿನ ವಿವೇಕ ಇಟ್ಟುಕೊಂಡರೆ ಸಾಕು ಎಂದಿತು. ಮದುವೆ ಚಪ್ಪರ ಕೂಡ ಮೂರು ದಿನ ನಿಲ್ಲುತ್ತದೆ. ಈ ಎಚ್ಚರಿಕೆ ಅಷ್ಟೂ ನಿಲ್ಲಲಿಲ್ಲ.

ಮುಂದಿನ ಅಧ್ಯಾಯ ಬೆರಳಿನದು. ಎಇಪಿಎಸ್ ಎಂಬ ವ್ಯವಸ್ಥೆಯಲ್ಲಿ ಆಧಾರ್ ನಂಬರು, ಬ್ಯಾಂಕಿನ ಹೆಸರು, ಒಂದು ಬೆರಳು ಇದ್ದರೆ ದುಡ್ಡು ಬರುತ್ತದೆ. ಒಟಿಪಿ ಬೇಡ, ಪಿನ್ ಬೇಡ. ಬ್ಯಾಂಕಿಲ್ಲದ ಹಳ್ಳಿಯ ಅಜ್ಜಿಗೆ ಪಿಂಚಣಿ ಮನೆ ಬಾಗಿಲಲ್ಲೇ ಸಿಗಲೆಂದು ಮಾಡಿದ್ದು, ಅದು ಒಳ್ಳೆಯದೇ. ಆದರೆ ಸೈಟೋ ಹೊಲವೋ ನೋಂದಣಿ ಮಾಡಿಸುವಾಗ ನಾವು ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತೇವೆ, ಆಧಾರ್ ಲಗತ್ತಿಸುತ್ತೇವೆ. ಆ ಪತ್ರದ ನಕಲು ಆಗ ಬೇಕೆಂದವರಿಗೆ ಸಿಗುತ್ತಿತ್ತು. ನಂಬರೂ ಬೆರಳೂ ಒಂದೇ ಲಕೋಟೆಯಲ್ಲಿ! ಕಳ್ಳನಿಗೆ ಉಳಿದ ಕೆಲಸ ರಬ್ಬರಿನಲ್ಲಿ ಅಚ್ಚು ತೆಗೆಯುವುದು. 2023ರಲ್ಲಿ ನಮ್ಮ ರಾಜ್ಯದಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆ ಹೀಗೇ ಖಾಲಿಯಾಯಿತು.

"ಹಾಗಾಗಿ ಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡ್ಕೊಳ್ಳಿ," ಎಂದರು ಸಂಪನ್ಮೂಲರು. ಒಳ್ಳೆಯ ಸಲಹೆ, ನಾನು ಅಲ್ಲೇ ಮಾಡಿದೆ. ಆಮೇಲೆ ರೇಷನ್ ಅಂಗಡಿಯಲ್ಲಿ ನನ್ನ ಬೆರಳು ಓದಲಿಲ್ಲ ಅನ್ನುವುದು ಬೇರೆ ಮಾತು. ಪಾಸ್‌ವರ್ಡ್ ಕಳುವಾದರೆ ಬೇರೆ ಇಟ್ಟುಕೊಳ್ಳಬಹುದು. ಬೆರಳು ಕಳುವಾದರೆ ಚಿಂತೆಯಿಲ್ಲ, ಇನ್ನೂ ಒಂಬತ್ತಿವೆ.

ಪ್ರಶ್ನೋತ್ತರದಲ್ಲಿ ಬಸ್ ಸ್ಟ್ಯಾಂಡಿನ ಎಳನೀರಿನವರು ಎದ್ದು ನಿಂತರು. ಯಾರೋ ಎರಡು ಎಳನೀರು ಕುಡಿದು ಕ್ಯೂಆರ್ ಸ್ಕ್ಯಾನ್ ಮಾಡಿ 120 ರೂಪಾಯಿ ಹಾಕಿದ್ದಾರೆ. ಅದು ಎಲ್ಲೋ ವಂಚನೆಯಾದ ದುಡ್ಡಿನ ಬಾಲವಂತೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಹೋಗಿದೆ, ಪೊಲೀಸರು ಜಾಡು ಹಿಡಿದು ಬಂದಿದ್ದಾರೆ, ದಾರಿಯಲ್ಲಿ ಸಿಕ್ಕಿದ ಖಾತೆಗಳನ್ನೆಲ್ಲ ಸ್ತಂಭನ ಮಾಡಿದ್ದಾರೆ. 120 ರೂಪಾಯಿಗೆ ಇವರ ಇಡೀ ಖಾತೆ ಬಂದ್. ಬ್ಯಾಂಕಿನವರು, ಆ ರಾಜ್ಯದ ಠಾಣೆಗೆ ಇಮೇಲ್ ಹಾಕಿ ಅಂದಿದ್ದಾರೆ. ಠಾಣೆ ಇರುವುದು ಎರಡು ಸಾವಿರ ಕಿಲೋಮೀಟರ್ ಆಚೆ, ಭಾಷೆ ಹಿಂದಿ, ಇವರ ಕೈಯಲ್ಲಿ ಮಚ್ಚು.

"ಒಳ್ಳೇ ಪ್ರಶ್ನೆ," ಎಂದರು ಸಂಪನ್ಮೂಲರು. "ಹಣ ತಗೊಳ್ಳೋ ಮುಂಚೆ ಅದರ ಮೂಲ ಖಚಿತಪಡಿಸ್ಕೊಳ್ಳಿ."

"ಯಾವಾಗ ಸ್ವಾಮಿ? ಕಾಯಿ ಕೊಚ್ಚೋಕ್ ಮುಂಚೇನಾ, ಕೊಚ್ಚಿದ್ ಮೇಲಾ?"

ಊಟದ ಸಮಯವಾಗಿದ್ದರಿಂದ ಉತ್ತರ ಬರಲಿಲ್ಲ. ಒಂದು ಮಾತು ಮಾತ್ರ ಹೇಳಬೇಕು. ನಮ್ಮಲ್ಲಿ ಲೆಕ್ಕ ಹಿಡಿಯುವ ವಿದ್ಯೆ ಇಲ್ಲವೆಂದಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್‌ಗಳ ಯುಪಿಐ ಜಮಾ ಕೂಡಿಸಿ, ಜಿಎಸ್‌ಟಿ ನೋಂದಣಿಯ ಮಿತಿಯಾದ ನಲವತ್ತು ಲಕ್ಷ ದಾಟಿದೆ ಎಂದು ನೋಟಿಸ್ ಕೊಟ್ಟಿತಲ್ಲ, ಬೆಂಗಳೂರಿನ ಅಂಗಡಿಗಳಲ್ಲಿ 'ನೋ ಯುಪಿಐ, ಓನ್ಲಿ ಕ್ಯಾಶ್' ಹಾಳೆ ನೇತಾಡಿತಲ್ಲ. ಬನ್ನು ಮಾರಿದ್ದು ಪೈಸೆ ಪೈಸೆ ಸಿಗುತ್ತದೆ. ಬೆರಳು ಕದ್ದವನು ಮಾತ್ರ ಮಾಯಾವಿ.

ಹೋಳಿಗೆ ಚೆನ್ನಾಗಿತ್ತು. ಕೈ ಒರೆಸಿಕೊಳ್ಳುವಾಗ ನನ್ನ ಬ್ಯಾಂಕಿನಿಂದ ಸಂದೇಶ ಬಂತು: ಅಪರಿಚಿತ ಲಿಂಕ್ ಒತ್ತಬೇಡಿ, ಹೆಚ್ಚಿನ ಮಾಹಿತಿಗೆ ಈ ಲಿಂಕ್ ಒತ್ತಿ.

ಜಾಗೃತನಾದ ಮೇಲೆ ಸುಮ್ಮನಿರಲಾದೀತೇ? ಮೊನ್ನೆ ಅಂಗಡಿಯ ಲೈಸೆನ್ಸ್ ನವೀಕರಣಕ್ಕೆ ಹೋಗುವಾಗ ಮನೆಯಲ್ಲೇ ಮಾಸ್ಕ್ ಆಧಾರ್ ಇಳಿಸಿಕೊಂಡು, ನಮ್ಮದೇ ಪ್ರಿಂಟರಿನಲ್ಲಿ ತೆಗೆದು, ಎದೆಯುಬ್ಬಿಸಿ ಕೌಂಟರಿನಲ್ಲಿ ಇಟ್ಟೆ. ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದರು, ಉಗುರಿನಿಂದ ಕೆರೆದರು.

"ಏನ್ರೀ ಇದು, ಎಂಟು ನಂಬರ್ ಮೇಲೆ ಎಕ್ಸ್ ಎಕ್ಸ್ ಬಂದಿದೆ. ಪ್ರಿಂಟರ್ ಕೆಟ್ಟಿದ್ಯಾ?"

ವಿವರಿಸಿದೆ. ಅವರು ಕರುಣೆಯಿಂದ ಕೇಳಿಸಿಕೊಂಡರು. "ಅದೆಲ್ಲಾ ಸರಿ. ಪೂರ್ತಿ ನಂಬರ್ ಇರೋದು ತನ್ನಿ. ಎರಡೂ ಬದಿ. ಕೆಳಗೆ ಸಹಿ, ಮೊಬೈಲ್ ನಂಬರ್."

ಮತ್ತೆ ಅದೇ ಜೆರಾಕ್ಸ್ ಅಂಗಡಿ. ಫೋನ್ ತೆಗೆದು ಲಾಕ್ ಬಿಚ್ಚುತ್ತಿದ್ದೆ, ಅಷ್ಟರಲ್ಲಿ ಮಷೀನು ಸದ್ದು ಮಾಡಿ ನನ್ನ ಮುಖವನ್ನು ಬಿಸಿಬಿಸಿಯಾಗಿ ಹೊರಗೆ ತಳ್ಳಿತು.

"ಮತ್ತೆ ಕಳ್ಸೋದ್ ಬೇಡ ಸಾರ್, ಹೋದ ತಿಂಗಳದ್ದು ನಮ್ಮತ್ರ ಐತಲ್ಲ," ಎಂದ ಜೆರಾಕ್ಸ್ ಅಣ್ಣ, ಸ್ಕ್ರೀನು ಕೆಳಕ್ಕೆ ಜಾರಿಸುತ್ತಾ. "ಅಮ್ಮಾವ್ರದ್ದೂ ಐತೆ. ಅದೊಂದ್ ಕಾಪಿ ತೆಗೀಲಾ?"