ನಡುರಾತ್ರಿ ಕಾರು ಬಂದರೂ ಪಾಸ್ ಇದ್ಯಾ?

ತುಮಕೂರಿನಲ್ಲಿ ಹಳೇ ಕಾಲಕ್ಕೆ ಇರುವಷ್ಟು ಅಭಿಮಾನಿಗಳು ಈ ಕಾಲಕ್ಕೆ ಇಲ್ಲ. ನಂಬಿಕೆ ಬರದಿದ್ದರೆ ಯಾವುದಾದರೂ ನಾಟಕೋತ್ಸವದ ಉದ್ಘಾಟನೆಗೆ ಹೋಗಿ ಕೂತ್ಕೊಳ್ಳಿ.

ಕಾರ್ಡಿನಲ್ಲಿ ಆರು ಗಂಟೆ ಅಂತ ಇರುತ್ತದೆ. ಏಳೂವರೆಗೆ ದೀಪ ಹಚ್ಚುತ್ತಾರೆ. ಫೋಟೋದವನು "ಸಾರ್, ಇನ್ನೊಂದ್ಸಲ" ಅಂತಾನೆ. ಉರಿಯುತ್ತಿರುವ ಬತ್ತಿಗೇ ಮತ್ತೆ ಬೆಂಕಿ ತೋರಿಸಿ ಎಲ್ಲರೂ ಕ್ಯಾಮೆರಾ ನೋಡುತ್ತಾರೆ. ಆಮೇಲೆ ಭಾಷಣ. ಗುಬ್ಬಿ ನಾಟಕ ಕಂಪನಿ ಶುರುವಾಗಿದ್ದು 1884ರಲ್ಲಿ ಅಂತ ಮೊದಲನೆಯವರು ಹೇಳುತ್ತಾರೆ. ಎರಡನೆಯವರೂ ಅದನ್ನೇ ಹೇಳುತ್ತಾರೆ. 'ಕುರುಕ್ಷೇತ್ರ' ನಾಟಕಕ್ಕೆ ಗುಬ್ಬಿ ವೀರಣ್ಣನವರು ನಿಜವಾದ ಆನೆಯನ್ನೇ ಸ್ಟೇಜಿಗೆ ತಂದಿದ್ದರು ಅನ್ನುವಾಗ ಮೂರನೆಯವರ ಕಣ್ಣು ಒದ್ದೆ. "ಈಗೆಲ್ಲಿದೆ ಸ್ವಾಮಿ ಅಂಥ ನಾಟಕ?"

ಈಗಿನ ನಾಟಕ ಬಣ್ಣ ಹಚ್ಚಿಕೊಂಡು ಪರದೆ ಹಿಂದೆ ಎರಡು ಗಂಟೆಯಿಂದ ನಿಂತೇ ಇರುತ್ತದೆ. ಶಾಲು, ಪೇಟ, ಹಣ್ಣಿನ ಬುಟ್ಟಿ ಸಮೇತ ಗಣ್ಯರು ಹೊರಡುತ್ತಾರೆ. ಉಳಿಯುವವರು ನಟರ ಮನೆಯವರು ಮತ್ತು ಮೈಕಿನವನು.

ಇಂಥವರೇ ಈಗ 'ಮಿಡ್‌ನೈಟ್ ಇನ್ ಪ್ಯಾರಿಸ್' ನೋಡಿ, ನಾನೂ ತಪ್ಪು ಕಾಲದಲ್ಲಿ ಹುಟ್ಟಿಬಿಟ್ಟೆ ಅಂತ ಸ್ಟೇಟಸ್ ಹಾಕುತ್ತಿದ್ದಾರೆ. 2011ರ ಸಿನಿಮಾ. ಮದುವೆಯಾಗಬೇಕಾದ ಹುಡುಗಿ ಜೊತೆ ಪ್ಯಾರಿಸ್‌ಗೆ ಬಂದ ಚಿತ್ರಕಥೆಗಾರ, ನಡುರಾತ್ರಿ ಹಳೇ ಕಾರು ಹತ್ತಿ 1920ರ ದಶಕಕ್ಕೆ ಹೋಗುತ್ತಾನೆ. ಹೆಮಿಂಗ್ವೇ, ಪಿಕಾಸೊ ಎಲ್ಲ ಸಿಗುತ್ತಾರೆ. ಅಲ್ಲೊಬ್ಬಳ ಮೇಲೆ ಮನಸ್ಸಾಗುತ್ತದೆ. ಅವಳಿಗೋ ಆ ಕಾಲ ಬೇಜಾರು, 1890ರ ದಶಕ ಬೇಕು. ಅಲ್ಲಿಗೆ ಹೋದರೆ ಅಲ್ಲಿನ ಚಿತ್ರಕಾರರಿಗೆ ಇನ್ನೂ ಹಳೇ ರಿನೈಸಾನ್ಸ್ ಕಾಲ ಬೇಕು! ಸಿನಿಮಾ ನಗುತ್ತಿರುವುದು ತಮ್ಮನ್ನೇ ನೋಡಿ ಅಂತ ಸ್ಟೇಟಸ್‌ನವರಿಗೆ ಹೊಳೆದಂತಿಲ್ಲ, ಬಿಡಿ.

ಇರಲಿ, ಟೌನ್‌ಹಾಲ್ ಸರ್ಕಲ್‌ಗೂ ಅಂಥದೊಂದು ಕಾರು ಬಂತು ಅಂತಿಟ್ಟುಕೊಳ್ಳೋಣ. (ನಮ್ಮ ರಸ್ತೆ ಹಂಪುಗಳನ್ನು ದಾಟಿ ಬಂದರೆ!) ನಮ್ಮ ಮೂರನೇ ಭಾಷಣಕಾರರು ಹತ್ತಿ ಕೂತರು. ಇಳಿದದ್ದು ಸೀದಾ 1934ಕ್ಕೆ, ಗುಬ್ಬಿ ಕಂಪನಿ ಟೆಂಟಿನ ಮುಂದೆ.

ಟಿಕೆಟ್ ಕೌಂಟರಿನಲ್ಲಿ ನಮ್ಮವರ ಮೊದಲ ಮಾತೇ "ಪಾಸ್ ಇದ್ಯಾ?" ಇಲ್ಲವಂತೆ. ಎಷ್ಟೋ ವರ್ಷದ ಮೇಲೆ ದುಡ್ಡು ಕೊಟ್ಟು ನಾಟಕ ನೋಡಬೇಕಾಯಿತು, ಪಾಪ. ಒಳಗೆ ಹೋದರೆ ಮುಂದಿನ ಸಾಲಿನಲ್ಲಿ ಸೋಫಾ ಇಲ್ಲ, ಸೀಟಿನ ಮೇಲೆ ಹೆಸರಿನ ಚೀಟಿ ಇಲ್ಲ. ಪಕ್ಕದಲ್ಲಿ ಕೂತ ಅಜ್ಜ ಆಗಲೇ ಗೊಣಗುತ್ತಿದ್ದ. "ಇದೇನ್ ನಾಟ್ಕ ಬಿಡಿ ಬುದ್ಧಿ. ಹೆಂಗಸರು ಸ್ಟೇಜ್ ಹತ್ತಿದರು. ಈ ವರ್ಷ ಕನ್ನಡದಲ್ಲೂ ಟಾಕಿ ಬಂತು. ಎಲ್ಲಾ ಕೆಟ್ಟೋಯ್ತು. ಮೂಡಲಪಾಯ ಬಯಲಾಟ ನೋಡಬೇಕಿತ್ತು ನೀವು, ನಮ್ಮಪ್ಪನ ಕಾಲದ್ದು!"

ನಮ್ಮವರಿಗೆ ಅಜ್ಜ ತುಂಬಾ ಹಿಡಿಸಿದ. ನಾಟಕದ ಕಡೆ ಬೆನ್ನು ತಿರುಗಿಸಿ ಇಬ್ಬರೂ ಮಾತಿಗೆ ಕೂತರು. ಹಿಂದಿನವರು ಶ್ ಅಂದರು. ಸ್ವಲ್ಪ ಹೊತ್ತಿಗೆ ಆಕಳಿಕೆ ಬಂತು. ಭಾಷಣವೂ ಇಲ್ಲ, ಶಾಲೂ ಇಲ್ಲ, ನಾಟಕ ಮಾತ್ರ ಮುಗಿಯುವ ಹಾಗೆ ಕಾಣಲಿಲ್ಲ.

ಆನೆ ಸ್ಟೇಜಿಗೆ ಬರುವ ಮೊದಲೇ ಎದ್ದರು. ಬಾಗಿಲಲ್ಲಿದ್ದವನು "ಯಜಮಾನರೇ, ಇನ್ನೇನು ಆನೆ ಬರುತ್ತೆ, ಕೂತ್ಕೊಳ್ಳಿ" ಅಂದ.

"ಇಲ್ಲಪ್ಪ, ನಾಳೆ ಒಂದು ಉದ್ಘಾಟನೆ ಇದೆ. ಆನೆ ಬಗ್ಗೆ ನಾನೇ ಮಾತಾಡಬೇಕು."